ವೇಟಿಂಗ್ ರೂಮು ಹೊರಟಿತು

ಲಿಯೋ: ಇದು ಎಂತ ಎ.ಸಿ. ಮಾರಾಯ್ತಿ? ಇಡೀ ಹಾಲ್ ನಡುಗ್ತಾ ಉಂಟು! ಕಂಪ್ರೆಸರಿನ ಅಡಿಗೆ ರಬ್ಬರ್ ಪ್ಯಾಡ್ ಹಾಕಲೇ ಇಲ್ಲ. ಇದನ್ನು ಪಾಸ್ ಮಾಡಿದ ಪುಣ್ಯಾತ್ಮ ಯಾರು?

ಡೊರೊತಿ: ಯಾರೋ ಮಾಡಿದ್ರು. ನಿಮಗೆಂತ? ರಜೆಯ ದಿನವೂ ಎ.ಸಿ.ಯ ಹೊಟ್ಟೆಗೆ ಕೈ ಹಾಕ್ಬೇಕಾ?

ಲಿಯೋ: ಕೈ ಹಾಕಿದ್ದಲ್ಲ, ಕಿವಿ ಕೊಟ್ಟದ್ದು. ಕೇಳು. ಗುರ್ರ್... ಗುರ್ರ್... ಇದು ಬೇರಿಂಗ್ ಹೋದ ಶಬ್ದ.

ಡೊರೊತಿ: ನನಗೆ ಎಂತದೂ ಕೇಳ್ತಾ ಇಲ್ಲ.

ಲಿಯೋ: ಬ್ಯಾರಿಗಳೇ, ನಿಮಗೆ?

ಇದಿನಬ್ಬ: (ಬಾಯಿ ತೆರೆದು, ಮುಚ್ಚಿ, ಮತ್ತೆ ತೆರೆದು) ಕೇಳ್ತದೆ.

ಲಿಯೋ: ಎ.ಸಿ.ಯದ್ದೇ ಅಲ್ವಾ?

ಇದಿನಬ್ಬ: ಪೊರ್ಬುಗಳೇ, ಎ.ಸಿ.ಯ ವಿಷಯ ನನಗಿಂತ ನಿಮಗೆ ಹೆಚ್ಚು ಗೊತ್ತು.

ಡೊರೊತಿ ಹಿಡಿದಿಟ್ಟ ಉಸಿರನ್ನು ಮೆಲ್ಲನೆ ಬಿಟ್ಟಳು.

ಇಲ್ಲಿ ಒಂದು ವಿಷಯವನ್ನು ಮುಚ್ಚಿಡದೆ ಹೇಳಿಬಿಡಬೇಕು. ಆ ಮೂವರು ಕೂತಿದ್ದದ್ದು ವೇಟಿಂಗ್ ರೂಮಿನಲ್ಲಿ ಅಲ್ಲ. ಅದು ಅಬುಧಾಬಿಯ ದಂಡೆಯಿಂದ ಎದುರಿನ ದ್ವೀಪಕ್ಕೆ ಹೋಗುವ ಫೆರ್ರಿ. ಈಗಷ್ಟೇ ಹಗ್ಗ ಬಿಚ್ಚಿಕೊಂಡು ಹೊರಟಿತ್ತು. ಈ ಸಂಗತಿ ಡೊರೊತಿಗೆ ಗೊತ್ತಿತ್ತು, ಇದಿನಬ್ಬನಿಗೆ ಗೊತ್ತಿತ್ತು, ಹಿಂದಿನ ಸಾಲಿನಲ್ಲಿ ಚಿಪ್ಸ್ ತಿನ್ನುತ್ತಿದ್ದ ಮಕ್ಕಳಿಗೂ ಗೊತ್ತಿತ್ತು. ಗೊತ್ತಾಗಬಾರದಿದ್ದದ್ದು ಲಿಯೋಗೆ ಮಾತ್ರ.

ಲಿಯೋ ಅಬುಧಾಬಿಯ ಹೊರವಲಯದ ಮುಸಫ್ಫಾದಲ್ಲಿ ಎ.ಸಿ. ಡಕ್ಟ್ ಕೂರಿಸುವ ಕಂಪನಿಯ ಫೋರ್‌ಮನ್. ಆಕಾಶಕ್ಕೆ ತಾಗುವ ಕಟ್ಟಡಗಳ ಹೊರಗೆ ಬೆಲ್ಟಿಗೆ ನೇತುಬಿದ್ದು ನಗುನಗುತ್ತಾ ಬೋಲ್ಟು ಬಿಗಿದ ಗಂಡಸು. ಆದರೆ ಬಕೆಟ್ಟಿಗಿಂತ ದೊಡ್ಡ ಜಾಗದಲ್ಲಿ ನೀರು ಕಂಡರೆ ಅವನ ಕೈಕಾಲು ತಣ್ಣಗಾಗುತ್ತಿತ್ತು. ಚಿಕ್ಕಂದಿನಲ್ಲಿ ಮೊದಲ ಪರಮಪ್ರಸಾದದ ದಿನ, ಹೊಸ ಬಿಳಿ ಸೂಟು ಹಾಕಿಕೊಂಡು, ಕೈಯಲ್ಲಿ ಮೊಂಬತ್ತಿ ಹಿಡಿದು ಗುರುಪುರ ಹೊಳೆ ದಾಟುವಾಗ ದೋಣಿಯಿಂದ ಉರುಳಿ ಬಿದ್ದಿದ್ದ. ಕೂದಲು ಹಿಡಿದು ಮೇಲಕ್ಕೆತ್ತಿದರಂತೆ. ಮೊಂಬತ್ತಿಯನ್ನು ಮಾತ್ರ ಬಿಟ್ಟಿರಲಿಲ್ಲವಂತೆ. ಅಂದಿನಿಂದ ಇಂದಿನವರೆಗೆ ಲಿಯೋ ತೇಲುವ ಯಾವ ವಸ್ತುವಿನ ಮೇಲೂ ಕಾಲಿಟ್ಟವನಲ್ಲ.

ಮಗಳು ಸ್ವೀಡಲಿಗೆ ಕೆಲಸ ಸಿಕ್ಕಿದ್ದಾದರೂ ಎಲ್ಲಿ? ಸೇತುವೆ ಇಲ್ಲದ ದ್ವೀಪದ ಹೋಟೆಲಿನಲ್ಲಿ, ಕೇಕು ಮಾಡುವ ಕೆಲಸ. ಎರಡು ವರ್ಷದಿಂದ "ಪಪ್ಪಾ, ಒಂದ್ಸಲ ಬಂದು ನೋಡಿ" ಎಂದು ಕರೆಯುತ್ತಿದ್ದಳು. "ಸೇತುವೆ ಕಟ್ಟಲಿ, ಆ ಸಂಜೆಯೇ ಬರ್ತೇನೆ" ಎಂದು ಲಿಯೋ ಗುಡುಗುತ್ತಿದ್ದ. ಈಗ ಅಲ್ಲಿಯ ಕೇಕಿನ ಅಡುಗೆಮನೆ ಪೂರ್ತಿ ಅವಳ ಕೈಗೆ ಬಂದಿತ್ತು. ಹೊಸ ಓವನ್, ಹೊಸ ಬಿಳಿ ಕೋಟು. ಮಂಗಳೂರಿನ ಕ್ರೈಸ್ತರಾದ ಇವರ ಪೈಕಿ ಹೊಸದು ಏನು ಶುರು ಮಾಡುವುದಿದ್ದರೂ ಹಿರಿಯರೆದುರು ತಲೆಬಾಗಿ ಬೆಸಾಂವ್ ತೆಗೆದುಕೊಳ್ಳುವುದು ಕ್ರಮ. ಹಿರಿಯರು ಹಣೆಯ ಮೇಲೆ ಶಿಲುಬೆಯ ಗುರುತು ಹಾಕಿ ಹರಸಬೇಕು. ಸ್ವೀಡಲ್ ಫೋನಿನಲ್ಲಿ ಖಡಾಖಂಡಿತ ಹೇಳಿಬಿಟ್ಟಿದ್ದಳು: "ಪಪ್ಪನ ಬೆಸಾಂವ್ ಇಲ್ಲದೆ ಐ ವೋಂಟ್ ಸ್ವಿಚ್ ಆನ್ ದಿ ಓವನ್, ಮಮ್ಮಿ. ಫೋನಲ್ಲಿ ಕೊಡ್ತೇನೆ ಅಂತ ಹೇಳ್ಬೇಡಿ." ಇಂದು ಮಧ್ಯಾಹ್ನ ಆ ಓವನ್ ಹೊತ್ತಬೇಕಿತ್ತು.

ಡೊರೊತಿ ಕ್ಲಿನಿಕ್ಕಿನ ನರ್ಸ್. ಅಳುವ ಮಕ್ಕಳಿಗೆ ಸೂಜಿ ಚುಚ್ಚಿ ಚುಚ್ಚಿ ಅವಳ ಕೈ ಪಳಗಿತ್ತು. "ನಿಮ್ಮ ಬೆಕ್ಕಿನ ಹೆಸರು ಎಂತ ಪುಟ್ಟಾ?" ಎಂದು ಕೇಳಬೇಕು, ಮಗು ಹೆಸರು ಹೇಳಿ ಮುಗಿಸುವಷ್ಟರಲ್ಲಿ ಕೆಲಸ ಆಗಿರಬೇಕು. ಗಂಡನ ಮೇಲೂ ಅದೇ ವಿದ್ಯೆ ಪ್ರಯೋಗಿಸಲು ಹೊರಟಿದ್ದಳು. ಆದರೆ ಲಿಯೋ ಬೆಕ್ಕಿನ ಹೆಸರಿಗೆ ಮರುಳಾಗುವವನಲ್ಲ. ಅವನ ಪೂರ್ತಿ ಗಮನ ಬೇಕೆಂದರೆ ಒಂದೇ ದಾರಿ, ಜಗಳ.

ಹಾಗಾಗಿ "ಸ್ವೀಡಲೇ ಬೋಟಿನಲ್ಲಿ ಈಚೆ ಬರ್ತಾಳಂತೆ, ನಾವು ವೇಟಿಂಗ್ ರೂಮಿನಲ್ಲಿ ಕಾಯುವಾ" ಎಂದು ಹೇಳಿ ಹೊರಡಿಸಿದ್ದಳು. ಕಾರು ಎಲ್ಲಿ ನಿಲ್ಲಿಸಬೇಕಿತ್ತು ಎಂಬ ವಾದ ತೆಗೆದು, ಅವನು ಹಿಂದೆ ತಿರುಗಿ ಕಾರಿನ ಕಡೆಗೇ ಕೈ ಮಾಡುತ್ತಿದ್ದ ಹೊತ್ತಿನಲ್ಲಿ, ಟಾರ್ಪಾಲಿನ ಮಾಡು, ಕಾರ್ಪೆಟ್ಟಿನ ನೆಲ ಇದ್ದ ಓಣಿಯಂಥ ದಾರಿಯಲ್ಲಿ ಒಳಗೆ ದಾಟಿಸಿದ್ದಳು. ಕಿಟಕಿಯ ಪರದೆ ಎಳೆಯುವುದು ಹೇಗೆಂದು ಯೋಚಿಸುವಷ್ಟರಲ್ಲಿ ಲಿಯೋನೇ "ಬಿಸಿಲು" ಎಂದು ಎಳೆದುಬಿಟ್ಟ. ಡೊರೊತಿ ಸಂತ ಆಂತೋನಿಗೆ ಒಂದು ಮೊಂಬತ್ತಿ ಹರಕೆ ಹೇಳಿಕೊಂಡಳು.

ಉಳಿದ ತಲೆನೋವು ಇದಿನಬ್ಬ. ಮುಸಫ್ಫಾದಲ್ಲಿ ಕೆಫೆಟೇರಿಯ ಇಟ್ಟವನು, ಇಬ್ಬರಿಗೂ ಹಳೇ ಗೆಳೆಯ, ಕಾರು ಅವನದ್ದೇ. ಊರಿನ ರೂಢಿಯಂತೆ ಅವನಿಗೆ ಲಿಯೋ 'ಪೊರ್ಬುಗಳು', ಡೊರೊತಿ 'ಬಾಯಮ್ಮ'; ಲಿಯೋಗೆ ಅವನು 'ಬ್ಯಾರಿಗಳು', ಡೊರೊತಿಗೆ 'ಇದಿನಬ್ಬಾಕ'. ಆದರೆ ಹೋದ ತಿಂಗಳು ಮೆಕ್ಕಾಕ್ಕೆ ಹೋಗಿ ಉಮ್ರಾ ಮುಗಿಸಿ ಬಂದವನು ಇನ್ನು ಸುಳ್ಳು ಹೇಳುವುದಿಲ್ಲ ಎಂದು ನಿಶ್ಚಯ ಮಾಡಿಬಿಟ್ಟಿದ್ದ. ಸುಳ್ಳು ಬಿಟ್ಟ ಮನುಷ್ಯನನ್ನು ಒಳಸಂಚಿಗೆ ಸೇರಿಸಿಕೊಳ್ಳುವುದು ಎಷ್ಟು ಕಷ್ಟ ಎಂದು ಡೊರೊತಿಗೆ ಈಗ ಗೊತ್ತಾಗುತ್ತಿತ್ತು.

ಲಿಯೋ: ಬ್ಯಾರಿಗಳೇ, ಬೋಟು ಎಲ್ಲಿಗೆ ಮುಟ್ಟಿತಂತೆ?

ಇದಿನಬ್ಬ: ಹತ್ತಿರದಲ್ಲೇ ಉಂಟು ಮಾರಾಯ್ರೆ. ಭಾರೀ ಹತ್ತಿರ.

ಲಿಯೋ: ಹಾಗಾದ್ರೆ ಹೊರಗೆ ಹೋಗಿ ನೋಡುವಾ?

ಡೊರೊತಿ: ಬೇಡ! ಹೊರಗೆ ಬಿಸಿಲು! ನೀವೇ ಪರದೆ ಎಳೆದದ್ದಲ್ವಾ?

ಲಿಯೋ: ಕೇಳಿದ್ದಕ್ಕೆ ಬೊಬ್ಬೆ ಎಂತಕ್ಕೆ?

ಡೊರೊತಿ: ನಾನು ಬೊಬ್ಬೆ ಹಾಕಿದ್ನಾ? ಇದಿನಬ್ಬಾಕ, ನಾನು ಬೊಬ್ಬೆ ಹಾಕಿದ್ನಾ?

ಇದಿನಬ್ಬ: ಸ್ವಲ್ಪ ಹಾಕಿದ್ರಿ ಬಾಯಮ್ಮ.

ಅಷ್ಟರಲ್ಲಿ ತಲೆಯ ಮೇಲಿನ ಸ್ಪೀಕರು ಕರಕರ ಎಂದಿತು. ಹೆಣ್ಣು ಸ್ವರವೊಂದು ಅರಬ್ಬಿಯಲ್ಲಿ ಸಲಾಂ ಹೇಳಿತು. ಇನ್ನು ಇಂಗ್ಲಿಷಿನಲ್ಲಿ ಫೆರ್ರಿ, ದ್ವೀಪ, ಸಮುದ್ರ ಎಲ್ಲ ಬರುತ್ತದೆ. ಡೊರೊತಿ ಸೀಟಿನಿಂದ ಎದ್ದೇ ನಿಂತಳು.

ಡೊರೊತಿ: ನಿಮ್ಮ ಅಕ್ಕ ಡೆಲ್ಫಿನ್ ನನ್ನ ಮೀನು ಸಾರಿಗೆ ಎಂತ ಹೇಳಿದ್ದು ಗೊತ್ತುಂಟಾ?

ಲಿಯೋ: ಈಗ ಡೆಲ್ಫಿನಕ್ಕ ಎಲ್ಲಿಂದ ಬಂದ್ಲು?

ಡೊರೊತಿ: ಎಲ್ಲಿಂದಲೂ ಬರ್ಲಿಲ್ಲ, ನನ್ನ ಮನಸ್ಸಿನಲ್ಲೇ ಕೂತಿದ್ದಾಳೆ! ಹುಳಿ ಇಲ್ಲ, ಖಾರ ಇಲ್ಲ, ಮೀನು ಸ್ನಾನ ಮಾಡಿ ಎದ್ದು ಹೋದ ನೀರು ಅಂತ ಹೇಳಿದ್ಲು! ಎಲ್ಲರ ಎದುರಿಗೆ!

ಲಿಯೋ: ಯಾವಾಗ?

ಡೊರೊತಿ: ಸ್ವೀಡಲಿನ ಬ್ಯಾಪ್ಟಿಸಮ್ಮಿನ ದಿನ!

ಲಿಯೋ: ದೇವಾ! ಆ ಮಗು ಈಗ ಹೋಟೆಲಿನಲ್ಲಿ ಕೇಕು ಮಾಡ್ತಾಳೆ ಮಾರಾಯ್ತಿ. ನಿನಗೆ ಈಗ ನೆನಪಾದದ್ದಾ?

ಡೊರೊತಿ: ಅವಮಾನಕ್ಕೆ ಎಕ್ಸ್‌ಪೈರಿ ಡೇಟು ಉಂಟಾ? ನೀವು ಆವತ್ತು ಬಾಯಿ ಬಿಟ್ರಾ? ಬಿಟ್ರಿ, ಇನ್ನೊಂದು ತುಂಡು ಮೀನು ಹಾಕ್ಲಿಕ್ಕೆ!

ಸ್ಪೀಕರು ಥ್ಯಾಂಕ್ಯೂ ಹೇಳಿ ಸುಮ್ಮನಾಯಿತು. ಡೊರೊತಿಯೂ ಸುಮ್ಮನೆ ಕೂತಳು. ಲಿಯೋ ಅತ್ತಿತ್ತ ನೋಡಿ ಇದಿನಬ್ಬನ ಕಡೆ ವಾಲಿದ.

ಲಿಯೋ: ಆ ಮೈಕಿನಲ್ಲಿ ಎಂತ ಹೇಳಿದ್ದು? ನಿಮಗೆ ಅರಬ್ಬಿ ಬರ್ತದಲ್ಲ.

ಇದಿನಬ್ಬ: ಕೊನೆಗೆ ಕಸ ಕೆಳಗೆ ಹಾಕ್ಬಾರ್ದು ಅಂದ್ಲು.

ಲಿಯೋ: ಮೊದಲಿಗೆ?

ಇದಿನಬ್ಬ: ಮೊದಲಿಗೆ ಸಲಾಂ ಹೇಳಿದ್ಲು.

ಲಿಯೋ: ನಡುವೆ?

ಇದಿನಬ್ಬನ ಹಣೆಯಲ್ಲಿ ಆ ಚಳಿಯಲ್ಲೂ ಬೆವರು ಮೂಡಿತು. ಅವನು ಡೊರೊತಿಯನ್ನು ನೋಡಿದ, ಲಿಯೋನನ್ನು ನೋಡಿದ, ಸಿಲಿಂಗು ನೋಡಿದ.

ಡೊರೊತಿ: ನಡುವೆ ನಾನು ಮಾತಾಡ್ತಾ ಇದ್ದೆ. ಹೆಂಡತಿ ಮಾತಾಡುವಾಗ ಮೈಕಿಗೆ ಕಿವಿ ಕೊಡುದಾ ನೀವು?

ಲಿಯೋ: ಇಲ್ಲ ಮಾರಾಯ್ತಿ, ಇಲ್ಲ. ಮಂಡೆ ಬಿಸಿ ಮಾಡ್ಬೇಡ. ಮೈಯೆಲ್ಲ ಐಸು, ಮಂಡೆ ಮಾತ್ರ ಬಿಸಿ. ಇದು ಎಂತ ಚಳಿ!

ಅವನು ಬಗ್ಗಿ ಸೀಟಿನ ಅಡಿಗೆ ಕೈ ಹಾಕಿ ತಡಕಿದ. ಕೈಗೆ ಬಂದದ್ದು ಕಿತ್ತಳೆ ಬಣ್ಣದ, ದಪ್ಪದ, ಪಟ್ಟಿಗಳಿದ್ದ ಜಾಕೆಟ್. ಮುಳುಗುವವರಿಗಾಗಿ ಇಟ್ಟದ್ದು. 

ಲಿಯೋ: ಇದೆಂತ?

ಡೊರೊತಿ: ಜಾಕೆಟ್.

ಲಿಯೋ: ಜಾಕೆಟ್ ಅಂತ ನನಗೂ ಕಾಣ್ತದೆ. ವೇಟಿಂಗ್ ರೂಮಿನಲ್ಲಿ ಎಂತಕ್ಕೆ?

ಡೊರೊತಿ: ಸೇಫ್ಟಿಗೆ. ಈ ದೇಶದಲ್ಲಿ ಎಲ್ಲದಕ್ಕೂ ಸೇಫ್ಟಿ ಅಂತ ದಿನಾ ಹೇಳುದು ಯಾರು? ಏಣಿ ಹತ್ತಿದ್ರೆ ಜಾಕೆಟ್, ಇಳಿದ್ರೆ ಜಾಕೆಟ್, ಟೀ ಕುಡಿಯುವಾಗ ಹೆಲ್ಮೆಟ್.

ಲಿಯೋ: ಬ್ಯಾರಿಗಳೇ, ನಿಮ್ಮ ಅಡಿಯಲ್ಲೂ ಉಂಟಾ?

ಇದಿನಬ್ಬ: ಉಂಟು. ಎಲ್ಲರ ಅಡಿಯಲ್ಲೂ ಉಂಟು. ಅಲ್‌ಹಮ್ದುಲಿಲ್ಲಾ.

ಲಿಯೋ ಜಾಕೆಟ್ಟನ್ನು ಹಿಂದೆ ಮುಂದೆ ತಿರುಗಿಸಿ, ಒಳಗಿನ ಫೋಮನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ.

ಲಿಯೋ: ಒಳ್ಳೆ ಮಾಲು. ನಾವು ಡಕ್ಟಿಗೆ ಸುತ್ತುವ ಇನ್ಸುಲೇಶನಿನ ಜಾತಿಯೇ. ಚಳಿಗೆ ಬೆಸ್ಟ್.

ಹೀಗೆಂದವನು ಅದನ್ನು ತಲೆಯ ಮೇಲಿಂದ ಹಾಕಿಕೊಂಡು, ಒಂದೊಂದೇ ಪಟ್ಟಿ ಸಿಕ್ಕಿಸಿ, ಎಳೆದು ಬಿಗಿದ. ಹಿಂದಿನ ಮಕ್ಕಳು ಚಿಪ್ಸ್ ತಿನ್ನುವುದನ್ನು ನಿಲ್ಲಿಸಿದರು. ಡೊರೊತಿ ಶಾಲಿನ ತುದಿಯನ್ನು ಬಾಯಿಗೆ ತುರುಕಿಕೊಂಡು ನಗು ನುಂಗಿದಳು. ಪಾಪ, ಎಷ್ಟು ಸಲೀಸಾಗಿ ಮೋಸ ಹೋಗುತ್ತಾನಲ್ಲ ಎಂದು ಒಂದು ಕ್ಷಣ ಕರುಳು ಚುರುಕ್ಕೆಂದದ್ದೂ ಸುಳ್ಳಲ್ಲ.

ಅವಳು ಎದ್ದು ಹೋಗಿ ಮೂಲೆಯ ಕೌಂಟರಿನಿಂದ ಮೂರು ಕರಕ್ ಚಹಾ ತಂದಳು. ಬರುವಾಗ ನೆಲ ಒಂದು ಕಡೆ ವಾಲಿತು, ಅವಳೂ ವಾಲಿದಳು.

ಲಿಯೋ: ನೀನು ಎಂತ, ಹಬ್ಬದ ರಾತ್ರಿ ಕುಡಿದು ಬರುವ ಡ್ಯಾರಲ್ ಮಾವನ ಹಾಗೆ ನಡೀತಿ?

ಡೊರೊತಿ: ಚಪ್ಪಲಿ ಹೊಸದು. ಹಿಡೀರಿ ಚಾ.

ಲಿಯೋ: ನನಗೆ ಬೇಡ.

ಇದಿನಬ್ಬ: (ಗಾಬರಿಯಾಗಿ) ಎಂತ ಪೊರ್ಬುಗಳೇ? ನನ್ನ ಕೆಫೆಟೇರಿಯದ ಅರ್ಧ ಚಾ ನೀವೇ ಕುಡಿಯುದು. ಕರಕ್ ಬೇಡ ಅಂತ ನಿಮ್ಮ ಬಾಯಲ್ಲಿ ಕೇಳಿದ್ದು ಇವತ್ತೇ.

ಲಿಯೋ: ಗ್ಯಾಸ್. ಬೆಳಿಗ್ಗೆ ಮಾತ್ರೆ ತಗೊಂಡದ್ದು ಇವಳು ನೋಡಿದ್ದಾಳೆ.

ಡೊರೊತಿ: ಗ್ಯಾಸ್ ಅಲ್ಲದೆ ಎಂತ! ಹಠವನ್ನೆಲ್ಲ ಹೊಟ್ಟೆಯಲ್ಲಿ ಇಟ್ಟುಕೊಂಡ್ರೆ ಗ್ಯಾಸೇ ಆಗುದು. ಮಗಳು ಎರಡು ವರ್ಷದಿಂದ ಕರೀತಾಳೆ. ಇವರು ಸೇತುವೆ ಕಾಯ್ತಾರೆ. ಯಾರು ಕಟ್ತಾರೆ, ನಿಮ್ಮ ಕಂಪನಿಯಾ?

ಲಿಯೋ: ಹಕ್ಕಿ ಹಾರ್ತದೆ, ಮೀನು ಈಜ್ತದೆ, ಮನುಷ್ಯ ನಡೀತಾನೆ. ದೇವರು ಮಾಡಿದ್ದೇ ಹಾಗೆ.

ಡೊರೊತಿ: ಅಬುಧಾಬಿಯಿಂದ ಮಂಗಳೂರಿಗೆ ನಡ್ಕೊಂಡು ಹೋಗುದಾ ನೀವು?

ಲಿಯೋ: ವಿಮಾನದ ಅಡಿಯಲ್ಲಿ ಗಾಳಿ. ಗಾಳಿಯ ವಿಷಯ ನನಗೆ ಗೊತ್ತು. ನೀರಿನದ್ದು ಗೊತ್ತಿಲ್ಲ. ಗೊತ್ತಿಲ್ಲದ ಲೈನಿಗೆ ನಾನು ಕೈ ಹಾಕುದಿಲ್ಲ. ಖಲಾಸ್.

ಇದಿನಬ್ಬ: (ತನಗೇ ಎಂಬಂತೆ) ಯಾ ಅಲ್ಲಾ, ಬೇಗ ಮುಟ್ಟಿಸು.

ಲಿಯೋ: ಎಂತದು ಮುಟ್ಟಿಸುದು?

ಇದಿನಬ್ಬ: ಎಲ್ಲರನ್ನೂ. ಅವರವರು ಹೋಗ್ಬೇಕಾದಲ್ಲಿಗೆ.

ಆಗಲೇ ದೊಡ್ಡ ಹಡಗೊಂದು ಪಕ್ಕದಲ್ಲಿ ಹಾದುಹೋಗಿರಬೇಕು. ನೆಲ ಎದ್ದಿತು, ಇಳಿಯಿತು, ಮತ್ತೆ ಎದ್ದಿತು. ಚಹಾದ ಲೋಟ ಮೇಜಿನ ಮೇಲೆ ತಾನಾಗಿ ಜಾರಿ ಇದಿನಬ್ಬನ ಕಡೆ ಹೋಗಿ, ಮನಸ್ಸು ಬದಲಾಯಿಸಿ ಲಿಯೋನ ಕಡೆ ಬಂತು. ಪರದೆ ಅಲುಗಾಡಿ ಒಂದು ಬೆರಳಿನಷ್ಟು ಸಂದು ಬಿಟ್ಟುಕೊಂಡಿತು. ಆ ಸಂದಿನಲ್ಲಿ ನೀಲಿ ನೀರು ಝಗ್ಗೆಂದಿತು. ಲಿಯೋನ ಮುಖ ಬಿಳಿಚಿತು. ಎರಡೂ ಕೈಗಳಿಂದ ಸೀಟಿನ ಹಿಡಿಯನ್ನು ಹಿಡಿದುಕೊಂಡ.

ಲಿಯೋ: ಡೊರೊತಿ... ಈಗ ಎಂತ ಆದದ್ದು?

ಡೊರೊತಿ ಜಗಳಕ್ಕಾಗಿ ತಲೆಯೊಳಗೆಲ್ಲ ತಡಕಾಡಿದಳು. ಎ.ಸಿ. ಮುಗಿದಿತ್ತು, ಡೆಲ್ಫಿನ್ ಮುಗಿದಿದ್ದಳು, ಸೇತುವೆಯೂ ಮುಗಿದಿತ್ತು. ಬಾಯಿ ತೆರೆದಾಗ ಹೊರಗೆ ಬಂದದ್ದು ಅವಳು ಇಂದಿಗೆಂದು ಕಟ್ಟಿಕೊಂಡು ಬಂದ ಮಾತಲ್ಲ.

ಡೊರೊತಿ: ನೀವು ನನ್ನ ಅಪ್ಪನ ದೋಣಿ ಹತ್ತಲಿಲ್ಲ.

ಲಿಯೋ: ಎಂತ?

ಡೊರೊತಿ: ಮದುವೆಯ ಮಾರನೇ ದಿನ. ನನ್ನ ಅಪ್ಪನ ದೋಣಿ ಹತ್ತಲಿಲ್ಲ ನೀವು.

ಇದಿನಬ್ಬ: ಬಾಯಮ್ಮ, ಇದು ಇವತ್ತಿನ ಜಗಳದಲ್ಲಿ ಇತ್ತಾ?

ಡೊರೊತಿ: ನೀವು ಸುಮ್ಮನೆ ಕೂರಿ ಇದಿನಬ್ಬಾಕ!

ಡೊರೊತಿಯ ತವರು ಹೊಳೆಯ ನಡುವಿನ ಕುದ್ರು. ಸುತ್ತ ನೀರು, ನಡುವೆ ತೆಂಗು, ನಾಲ್ಕಾರು ಮನೆ. ಶಾಲೆಗೆ ಹೋಗುವಾಗ ಅವಳೇ ದೋಣಿಗೆ ಹುಟ್ಟು ಹಾಕುತ್ತಿದ್ದಳು. ಮದುವೆಯ ಮಾರನೇ ದಿನ ಮದುಮಕ್ಕಳು ಹೆಣ್ಣಿನ ಮನೆಗೆ ಊಟಕ್ಕೆ ಹೋಗಲೇಬೇಕು, ಅದು ಬಿಡಬಾರದ ಕ್ರಮ. ಆ ಊಟದ ಮಾತು ತೆಗೆಯುವುದಿಲ್ಲ ಎಂದು ಅವಳು ಎಷ್ಟೋ ವರ್ಷದ ಹಿಂದೆ ತನಗೆ ತಾನೇ ಹೇಳಿಕೊಂಡಿದ್ದಳು.

ಲಿಯೋ: ಆವತ್ತು ನನಗೆ ಜ್ವರ ಇತ್ತಲ್ಲ.

ಡೊರೊತಿ: ಜ್ವರ! ನಾನು ನರ್ಸ್. ಹಣೆ ಮುಟ್ಟಿ ನೋಡಿದ್ದೆ. ಫ್ರಿಜ್ಜಿನಲ್ಲಿಟ್ಟ ಹಾಗಿತ್ತು. ಹೊಸ ಮದುಮಗಳು ಅಂತ ಬಾಯಿ ಮುಚ್ಚಿದ್ದೆ. ಅಪ್ಪ ದೋಣಿಗೆ ಬಣ್ಣ ಹೊಡೆದಿದ್ರು. ತೆಂಗಿನ ಗರಿ ಕಟ್ಟಿದ್ರು. ಅಳಿಯ ಕೂರುವ ಹಲಗೆಗೆ ಒಗೆದ ಬೆಡ್‌ಶೀಟು ಹಾಸಿದ್ರು. ಕಡೆಗೆ ಊಟವನ್ನೇ ಈಚೆ ದಂಡೆಗೆ ತಂದ್ರು, ನನ್ನ ಚಿಕ್ಕಪ್ಪನ ಮನೆಗೆ, ನೀವು ಕಂಬಳಿ ಹೊದ್ದು ಕೂತಲ್ಲಿಗೆ. ಆ ಬೆಡ್‌ಶೀಟಿನ ಮೇಲೆ ಅಳಿಯ ಕೂರಲಿಲ್ಲ. ಕೋಳಿ ಸಾರಿನ ಪಾತ್ರೆ ಕೂತಿತು.

ಲಿಯೋ: (ಸಣ್ಣ ಸ್ವರದಲ್ಲಿ) ಸಾರು ಭಾರೀ ಚಂದ ಆಗಿತ್ತು.

ಡೊರೊತಿ: ಜ್ವರದವರು ಎಷ್ಟು ಸಾನ್ನ ಇಡ್ಲಿ ತಿಂದ್ರು ಅಂತ ಅಪ್ಪ ಸಾಯುವವರೆಗೂ ನಗ್ತಾ ಹೇಳ್ತಾ ಇದ್ರು. ನಗ್ತಾ ಹೇಳ್ತಾ ಇದ್ರು! ನನಗೆ ನಗು ಬರ್ಲಿಲ್ಲ. ನೀವು ಸೇತುವೆ ಆದ ಮೇಲೆ ಬಂದ್ರಿ. ಕಾರಿನಲ್ಲಿ, ಹಾರ್ನ್ ಹಾಕ್ಕೊಂಡು. ಅಷ್ಟರಲ್ಲಿ ಅಪ್ಪ ಇರಲಿಲ್ಲ.

ಅವಳ ಕಣ್ಣಿನಿಂದ ನೀರು ಇಳಿದೇಬಿಟ್ಟಿತು. ಗಂಡನ ಗಮನ ಬೇರೆ ಕಡೆ ಸೆಳೆಯಲು ಹೂಡಿದ ಆಟದಲ್ಲಿ ತಾನೇ ಸಿಕ್ಕಿಬಿದ್ದದ್ದಕ್ಕೆ ಅವಳಿಗೆ ಸಿಟ್ಟೂ ಬಂತು, ನಾಚಿಕೆಯೂ ಆಯಿತು.  ಪರದೆಯ ಸಂದಿನ ಕಡೆ ಲಿಯೋ ನೋಡುತ್ತಲೇ ಇರಲಿಲ್ಲ, ಹೆಂಡತಿಯನ್ನೇ ನೋಡುತ್ತಿದ್ದ. ಇದಿನಬ್ಬ ಮೂವರ ಚಹಾವನ್ನೂ ಒಂದರ ಹಿಂದೆ ಒಂದು ಕುಡಿದು ಮುಗಿಸಿದ.

ಧಡ್ ಎಂದು ಏನೋ ತಾಗಿತು. ಎಂಜಿನ್ನಿನ ಶಬ್ದ ನಿಂತಿತು. ಬಾಗಿಲು ಸರಿದು ಬಿಸಿಲು, ಉಪ್ಪಿನ ವಾಸನೆ, ಕಡಲಹಕ್ಕಿಯ ಕಿರಿಚಾಟ ಎಲ್ಲ ಒಟ್ಟಿಗೆ ಒಳಗೆ ನುಗ್ಗಿದವು. ಜನ ಎದ್ದರು. ಡೊರೊತಿ ಕಣ್ಣು ಒರೆಸಿಕೊಂಡು ಮೈ ಬಿಗಿ ಮಾಡಿ ಕೂತಳು. ಇನ್ನು ಸಿಡಿಲು ಬೀಳುತ್ತದೆ. ಇಡೀ ಫೆರ್ರಿಗೆ ಕೇಳುವ ಹಾಗೆ ಬೀಳುತ್ತದೆ.

ಲಿಯೋ ನಿಧಾನವಾಗಿ ಪಟ್ಟಿಗಳನ್ನು ಬಿಚ್ಚಿದ. ಜಾಕೆಟ್ಟನ್ನು ಮಡಚಿ, ಮೊದಲಿದ್ದ ಹಾಗೆಯೇ ಸೀಟಿನ ಅಡಿಗೆ ಸೇರಿಸಿದ. ಎದ್ದು ನಿಂತು ಅಂಗಿಯ ಸುಕ್ಕು ತೆಗೆದ.

ಲಿಯೋ: ಯಲ್ಲಾ, ಹೋಗುವಾ. ಮಗಳು ಕಾಯ್ತಾ ಇದ್ದಾಳೆ.

ಡೊರೊತಿ: ಹೋಗುದು... ಎಲ್ಲಿಗೆ?

ಲಿಯೋ: ದ್ವೀಪಕ್ಕೆ. ಮತ್ತೆಲ್ಲಿಗೆ?



ಇದಿನಬ್ಬ: ಖಲಾಸ್! ಇನ್ನು ನನ್ನಿಂದ ಆಗುದಿಲ್ಲ! ಬಾಯಮ್ಮ, ಮೊನ್ನೆ ನೀವು ಬಂದು, ಬೋಟಿನ ವಿಷಯ ಪೊರ್ಬುಗಳಿಗೆ ಹೇಳ್ಬೇಡಿ ಅಂದ್ರಿ. ಸರಿ ಅಂದೆ. ನಿನ್ನೆ ಇವರು ಬಂದು, ನನಗೆ ಗೊತ್ತುಂಟು ಅಂತ ಅವಳಿಗೆ ಹೇಳ್ಬೇಡಿ ಅಂದ್ರು. ಅದಕ್ಕೂ ಸರಿ ಅಂದೆ. ಇಡೀ ದಾರಿ ನಾನು ಇಬ್ಬರ ನಡುವೆ ಸತ್ಯ ಹೇಳಿ ಹೇಳಿ ಅರ್ಧ ಸತ್ತಿದ್ದೇನೆ!

ಡೊರೊತಿ: ನಿಮಗೆ ಗೊತ್ತಿತ್ತಾ? ಮೊದಲೇ?

ಲಿಯೋ: ಕಂಪ್ರೆಸರ್ ಯಾವುದು, ಡೀಸೆಲ್ ಎಂಜಿನ್ ಯಾವುದು ಅಂತ ನನಗೆ ಗೊತ್ತಾಗುದಿಲ್ವಾ? ಈ ಕಸುಬಿನಲ್ಲೇ ತಲೆ ಬೋಳಾದದ್ದು. ಅದೂ ಬಿಡು. ಮಗಳನ್ನು ಬರೀ ವೇಟಿಂಗ್ ರೂಮಿನಲ್ಲಿ ನೋಡ್ಲಿಕ್ಕೆ ನನಗೆ ಪೂಜೆಗೆ ಹೋಗುವ ಅಂಗಿಗೆ ಮೊನ್ನೆಯೇ ಇಸ್ತ್ರಿ ಹಾಕಿ ಇಟ್ಟದ್ದು ಯಾರು?

ಆ ಅಂಗಿಯ ಜೇಬಿನಿಂದ ಮಾತ್ರೆಯ ಪಟ್ಟಿಯೊಂದು ಇಣುಕುತ್ತಿತ್ತು. ಡೊರೊತಿ ಅದನ್ನು ಎಳೆದು ನೋಡಿದಳು. ಗ್ಯಾಸಿನ ಮಾತ್ರೆಯಲ್ಲ. ಬಸ್ಸಿನಲ್ಲಿ ಚಾರ್ಮಾಡಿ ಘಾಟಿ ಹತ್ತುವ ಮೊದಲು ತಿನ್ನುವ ವಾಂತಿಯ ಮಾತ್ರೆ.

ಡೊರೊತಿ: ಪರದೆ?

ಲಿಯೋ: ನೀರು ಕಾಣ್ಬಾರ್ದಲ್ಲ.

ಡೊರೊತಿ: ಜಾಕೆಟ್?

ಲಿಯೋ: ಚಳಿಗಾ ಅದು? ಹಾಕದಿದ್ರೆ ಅಲ್ಲೇ ಸಾಯ್ತಿದ್ದೆ.

ಡೊರೊತಿ: ಹಾಗಾದ್ರೆ ಬರ್ತೇನೆ ಅಂತ ಬಾಯಿಬಿಟ್ಟು ಹೇಳ್ಲಿಕ್ಕೆ ಎಂತ ಆಗಿತ್ತು ನಿಮಗೆ? ನಾನು ಇಡೀ ವಾರ ನಿದ್ದೆ ಬಿಟ್ಟು ಜಗಳ ಜೋಡಿಸಿದ್ದೇನೆ!

ಲಿಯೋ: ಹೇಳಿದ್ರೆ ನೀನು ಪಕ್ಕದಲ್ಲಿ ಕೂತು ಪಾಪ ಅಂತ ಕೈ ಹಿಡೀತಿದ್ದಿ. ತಲೆ ತಿರುಗ್ತದಾ, ನೀರು ಬೇಕಾ ಅಂತ ಕೇಳ್ತಿದ್ದಿ. ಅಷ್ಟು ಕೇಳಿದ್ರೆ ನಾನು ಮುಗಿದೆ. ನೀನು ಜಗಳ ಮಾಡಿದ್ರೆ ನನಗೆ ಸಮುದ್ರವೇ ನೆನಪಾಗುದಿಲ್ಲ. ಜಗತ್ತಿನಲ್ಲಿ ಎಂತದೂ ನೆನಪಾಗುದಿಲ್ಲ.

ಡೊರೊತಿಗೆ ನಗು ಬರುವುದರಲ್ಲಿತ್ತು, ಆದರೆ ಹಳೆಯದು ಇನ್ನೂ ಬಿಟ್ಟಿರಲಿಲ್ಲ.

ಡೊರೊತಿ: ಮಗಳಿಗಾಗಿ ದಾಟಿದ್ರಿ. ಸಂತೋಷ. ನನ್ನ ಅಪ್ಪನಿಗಾಗಿ ದಾಟಲಿಲ್ಲ.

ಲಿಯೋ ಅವಳ ಹೊಸ ಚಪ್ಪಲಿಯ ಕಡೆ ನೋಡಿದ.

ಲಿಯೋ: ಆವತ್ತು ದಂಡೆಯವರೆಗೂ ಬಂದಿದ್ದೆ ಡೊರೊತಿ. ಆ ಗರಿ, ಆ ಬೆಡ್‌ಶೀಟು ಎಲ್ಲ ನೋಡಿದ್ದೆ. ಕಾಲು ಏಳಲಿಲ್ಲ. ಮದುವೆಯಾಗಿ ಒಂದೇ ದಿನ. ಪರವಾಗಿಲ್ಲ, ಮಲಗಿಕೊಳ್ಳಿ ಅಂತ ಎಷ್ಟು ಮೆತ್ತಗೆ ಹೇಳಿದ್ದಿ! ಇವತ್ತಿನ ಹಾಗೆ ಒಂದು ಜಗಳ ತೆಗೆದಿದ್ರೆ ಆವತ್ತೇ ದಾಟ್ತಿದ್ದೆ.

ಇಷ್ಟು ವರ್ಷದ ಕೊರಗಿಗೆ ಇಂಥದೊಂದು ಉತ್ತರ ಬರಬಹುದೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ. ತಪ್ಪು ಅವನದೋ, ತಾನು ಮೆತ್ತಗಿದ್ದದ್ದೋ ಎಂದು ಲೆಕ್ಕ ಹಾಕಲು ಹೋಗಿ ಅವಳು ಸೋತಳು. ಸೋತು ನಕ್ಕಳು. ಅವನ ಕಾಲರು ಸರಿ ಮಾಡಿ ಕೈ ಹಿಡಿದಳು. ಅವನ ಅಂಗೈ ಒದ್ದೆಯಾಗಿ ತಣ್ಣಗಿತ್ತು. ಮದುವೆಯ ಮಾರನೇ ದಿನದ ಹಣೆಯ ಹಾಗೆಯೇ ಇತ್ತು.

ದಂಡೆಯಲ್ಲಿ ಬಿಳಿ ಕೋಟು ಹಾಕಿಕೊಂಡ ಸ್ವೀಡಲ್ ಕುಣಿದಾಡುತ್ತಿದ್ದಳು.

ಸ್ವೀಡಲ್: ಪಪ್ಪಾ! ಓ ಮೈ ಗಾಡ್, ಯೂ ಕೇಮ್! ಬೋಟಲ್ಲಿ!

ಲಿಯೋ: ಬೋಟಾ? ನಾನು ವೇಟಿಂಗ್ ರೂಮಿನಲ್ಲಿ ಸುಮ್ಮನೆ ಕೂತಿದ್ದೆ. ನಿಮ್ಮ ದ್ವೀಪವೇ ನಡ್ಕೊಂಡು ಬಂತು.

ಹೊಸ ಅಡುಗೆಮನೆಯಲ್ಲಿ ಸ್ವೀಡಲ್ ತಲೆಬಾಗಿ ನಿಂತಳು. ಲಿಯೋ ಅವಳ ಹಣೆಯ ಮೇಲೆ ಹೆಬ್ಬೆರಳಿನಿಂದ ಶಿಲುಬೆಯ ಗುರುತು ಹಾಕಿ ಬೆಸಾಂವ್ ಕೊಟ್ಟ. ಸ್ವರ ನಡುಗಿತು. ಅದನ್ನು ಮುಚ್ಚಲು ತಲೆಯೆತ್ತಿ ಸಿಲಿಂಗ್ ನೋಡಿ, "ಈ ಡಕ್ಟು ಕೂರಿಸಿದ ಕತ್ತೆ ಯಾರು?" ಎಂದು ಕೇಳಿದ. ಓವನ್ ಹೊತ್ತಿತು. ಇದಿನಬ್ಬ ಮೊದಲ ತುಂಡು ಕೇಕು ತಿಂದು ಸಿಹಿ ಸ್ವಲ್ಪ ಹೆಚ್ಚಾಯಿತೆಂದು ಸತ್ಯವನ್ನೇ ಹೇಳಿದ.

ಸಂಜೆ ವಾಪಸ್ ಫೆರ್ರಿ ಬಂತು. ಈ ಸಲ ಯಾರೂ ಅದನ್ನು ವೇಟಿಂಗ್ ರೂಮು ಎನ್ನಲಿಲ್ಲ. ಲಿಯೋ ಕಣ್ಣು ಮುಚ್ಚಿಕೊಂಡು ಒಳಗೆ ಬಂದು, ಪರದೆ ಎಳೆದು, ಜಾಕೆಟ್ ಬಿಗಿದು ಕೂತ.

ಲಿಯೋ: ಮುಂದಿನ ರಜೆಗೆ ಊರಿಗೆ ಹೋದಾಗ ಸೇತುವೆ ಬೇಡ ಡೊರೊತಿ. ಕುದ್ರಿಗೆ ದೋಣಿಯಲ್ಲೇ ಕರ್ಕೊಂಡು ಹೋಗು. ನೀನೇ ಹುಟ್ಟು ಹಾಕು.

ಡೊರೊತಿ: (ಕೇಕಿಗಿಂತ ಮೆತ್ತಗೆ) ಹ್ಞೂಂ.

ಲಿಯೋ: ಹ್ಞೂಂ ಅಂತ ಹೇಳ್ಬೇಡ ಮಾರಾಯ್ತಿ, ಈಗ ಬೋಟು ಹೊರಡ್ತದೆ. ಇನ್ನೂ ಉಂಟಾ?

ಡೊರೊತಿ: ಎಂತದು, ಕೇಕಾ?

ಲಿಯೋ: ಜಗಳ!

ಡೊರೊತಿ: ಇಲ್ಲ. ನನ್ನ ಮನಸ್ಸಿನಲ್ಲಿ ಇನ್ನು ಎಂತದೂ ಇಲ್ಲ. ಎಲ್ಲ ಖಾಲಿ.

ಲಿಯೋ: ಖಾಲಿಯಾ? ಮತ್ತೆ ನಾನು ದಾಟುದು ಹೇಗೆ?

ಡೊರೊತಿ ಕರುಣೆಯಿಂದ ಅವನ ಕೈ ಹಿಡಿದು, "ತಲೆ ತಿರುಗ್ತದಾ? ನೀರು ಬೇಕಾ?" ಎಂದು ಕೇಳಿದಳು. ಲಿಯೋನ ಮುಖ ಹಸಿರಾಯಿತು. ಎಂಜಿನ್ ಗುರ್ರ್ ಎಂದಿತು, ಹಗ್ಗ ಬಿಚ್ಚುವ ಸದ್ದು ಕೇಳಿಸಿತು. ಲಿಯೋ ಒಮ್ಮೆ ಕಣ್ಣು ಗಟ್ಟಿಯಾಗಿ ಮುಚ್ಚಿ, ತೆರೆದು, ಉಸಿರು ಎಳೆದುಕೊಂಡ.

ಲಿಯೋ: ಒಂದು ಮಾತು ಹೇಳ್ತೇನೆ. ಡೆಲ್ಫಿನಕ್ಕ ಆವತ್ತು ಹೇಳಿದ್ದು ಸರಿಯೇ. ಸಾರಿಗೆ ಹುಳಿ ಇರಲಿಲ್ಲ.

ಡೊರೊತಿ: (ಕೈ ಬಿಟ್ಟು) ಎಂತ ಹೇಳಿದ್ರಿ?

ಲಿಯೋ: ಖಾರವೂ ಇರಲಿಲ್ಲ.

ಡೊರೊತಿ: ಎರಡು ಸಲ ಹಾಕ್ಕೊಂಡು ತಿಂದದ್ದು ಯಾರು? ಪಾತ್ರೆ ಬಗ್ಗಿಸಿ ನೋಡಿದ್ದು ಯಾರು? ಇದಿನಬ್ಬಾಕ, ಆವತ್ತು ನೀವೂ ಊಟಕ್ಕೆ ಇದ್ರಿ. ನೀವು ಸುಳ್ಳು ಹೇಳುದಿಲ್ಲ ಅಲ್ವಾ? ಹೇಳಿ, ಆ ಸಾರಿಗೆ ಹುಳಿ ಇತ್ತಾ, ಇಲ್ವಾ?

ಇದಿನಬ್ಬ ಬಗ್ಗಿ ತನ್ನ ಸೀಟಿನ ಅಡಿಯಿಂದ ಕಿತ್ತಳೆ ಜಾಕೆಟ್ ಎಳೆದು, ತಲೆಯ ಮೇಲಿಂದ ಹಾಕಿಕೊಂಡು, ಒಂದೊಂದೇ ಪಟ್ಟಿ ಬಿಗಿಯತೊಡಗಿದ.